ಹಲಗೆಯ ನೆಲ ಮತ್ತು ಅದರ ಕೆಳಗಿನ ಗಾಳಿ

ನಮ್ಮ ಸಮಾಜದ ಅನೇಕ ಮನೆತನಗಳ ಮಕ್ಕಳು ಇಂದು ವೈದ್ಯರಾಗಿ, ಇಂಜಿನಿಯರರಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹಲವರು ಕೆಲವು ಕಾಲ ಬಾಡಿಗೆಯ ಮನೆಯಲ್ಲಿದ್ದು, ಅನಂತರ ಬ್ಯಾಂಕಿನಿಂದ ಸಾಲ ಪಡೆದು ಅಲ್ಲಿಯ ಹಳೆಯ ಮನೆಗಳನ್ನು ಕೊಳ್ಳುತ್ತಾರೆ. ಮಗಳ ಬಾಣಂತನಕ್ಕೆಂದೋ ಸೊಸೆಯ ಬಾಣಂತನಕ್ಕೆಂದೋ ಆರು ತಿಂಗಳ ವೀಸಾ ಪಡೆದು ಹೋಗಿಬರುವ ತಾಯಂದಿರ ಸಂಖ್ಯೆಯೂ ಕಡಿಮೆಯದೇನಲ್ಲ. ಹಾಗೆ ಹೋಗಿಬಂದವರಲ್ಲಿ ನಾನೂ ಒಬ್ಬಳು. 2019ರ ಫೆಬ್ರವರಿಯಿಂದ ಆಗಸ್ಟ್ ತಿಂಗಳವರೆಗೆ ಲೆಸ್ಟರ್ ನಗರದಲ್ಲಿ ನನ್ನ ಮಗಳ ಮನೆಯಲ್ಲಿದ್ದೆ. ಆ ಅವಧಿಯಲ್ಲಿ ಆ ಮನೆಯ ಮುಂದಿನ ಕೋಣೆಯ ನೆಲದ ವಿಷಯದಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೆಲದಲ್ಲಿ ಬರೆಯುವಂಥದ್ದೇನಿದೆ ಎಂದು ಕೆಲವರಿಗೆ ಅನ್ನಿಸಬಹುದು. ದಿನಕ್ಕೆರಡು ಬಾರಿ ಕಸ ಗುಡಿಸಿ, ನೆಲ ಒರೆಸುವ ಸಹೋದರಿಯರಿಗೆ ಹಾಗೆ ಅನ್ನಿಸಲಾರದೆಂದು ನಂಬಿದ್ದೇನೆ.

ಆ ಮನೆ ಕೆಂಪು ಇಟ್ಟಿಗೆಯ ಸಾಲುಮನೆ. ಒಂದರ ಗೋಡೆಗೆ ಇನ್ನೊಂದರ ಗೋಡೆ ಅಂಟಿಕೊಂಡು ಬೀದಿಯುದ್ದಕ್ಕೂ ಒಂದೇ ಅಚ್ಚಿನ ಮನೆಗಳು. ಸಾಲಿನ ನಡುವಿನ ಗೋಡೆಯ ಮೇಲೆ 1896 ಎಂದು ಕೆತ್ತಿದ ಕಲ್ಲಿದೆ. ಮಗಳು ಮತ್ತು ಅಳಿಯಂದಿರು ಅದನ್ನು ಕೊಂಡು ಆಗ ಇನ್ನೂ ವರ್ಷ ತುಂಬಿರಲಿಲ್ಲ. ಮುಂದಿನ ಕೋಣೆಯಲ್ಲಿ ಹಿಂದಿನ ಮಾಲೀಕರು ಬಿಟ್ಟುಹೋದ, ಬಣ್ಣಗೆಟ್ಟ ದಪ್ಪ ಕಾರ್ಪೆಟ್ ಇತ್ತು. ನಾಲ್ಕು ವರ್ಷದ ಹಿರಿಯ ಮೊಮ್ಮಗಳಿಗೆ ಆ ಧೂಳಿನಿಂದ ಸೀನು, ಕೆಮ್ಮು. ಮಾರ್ಚಿನಲ್ಲಿ ಎರಡನೆಯ ಕೂಸು ಹುಟ್ಟಿತು. ಆ ಕೂಸು ಅಂಬೆಗಾಲಿಡುವುದರೊಳಗೆ ಕಾರ್ಪೆಟ್ ತೆಗೆಸಿ, ಒರೆಸಲು ಬರುವಂಥ ವಿನೈಲ್ ಹಾಳೆಯನ್ನು ಹಾಸಬೇಕೆಂದು ಮಗಳ ಆಸೆ. ಅಂಗಡಿಯವರಿಗೆ ಮುಂಗಡ ಕೊಟ್ಟು, ಮೇ ತಿಂಗಳಲ್ಲಿ ಒಂದು ಶನಿವಾರವನ್ನು ಗೊತ್ತುಪಡಿಸಿಯೂ ಆಗಿತ್ತು.

ಇಲ್ಲಿ ಆ ನೆಲದ ರಚನೆಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ಸೀಮೆಯ ನೆಲ ಭೂಮಿಯ ಮೇಲೆಯೇ ಕೂತಿರುತ್ತದೆ. ಮಣ್ಣು, ಅದರ ಮೇಲೆ ಗರಸು, ಅದರ ಮೇಲೆ ಫರ್ಸಿ. ಇಂಗ್ಲೆಂಡಿನ ಆ ಕಾಲದ ಮನೆಗಳ ಕೋಣೆಯ ನೆಲವಾದರೋ ಭೂಮಿಯನ್ನು ಮುಟ್ಟುವುದಿಲ್ಲ. ಮಣ್ಣಿನಿಂದ ಒಂದೆರಡು ಅಡಿ ಎತ್ತರದಲ್ಲಿ, ಕಿರುಗೋಡೆಗಳ ಮೇಲೆ ಮರದ ಜಂತಿಗಳನ್ನು ಸುಮಾರು 14ರಿಂದ 16 ಅಂಗುಲಕ್ಕೊಂದರಂತೆ ಇಟ್ಟು, ಅವುಗಳ ಮೇಲೆ ಪೈನ್ ಮರದ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸುತ್ತಿದ್ದರು. ಬಾಲ್ಟಿಕ್ ಸಮುದ್ರದ ತೀರದ ದೇಶಗಳಿಂದ ಹಡಗುಗಳಲ್ಲಿ ಬರುತ್ತಿದ್ದ ಮರ ಅದು. ಹಲಗೆಯ ದಪ್ಪ ಮುಕ್ಕಾಲು ಅಂಗುಲಕ್ಕಿಂತ ತುಸು ಹೆಚ್ಚು, ಇಂದಿನ ಲೆಕ್ಕದಲ್ಲಿ ಸುಮಾರು 22 ಮಿಲಿಮೀಟರು. ಹಲಗೆಯ ಕೆಳಗೆ ಕತ್ತಲೆಯ ಒಂದು ಟೊಳ್ಳು. ಒದ್ದೆ ಮಣ್ಣಿನಿಂದ ಏಳುವ ತೇವ ಆ ಟೊಳ್ಳಿನಲ್ಲಿ ನಿಲ್ಲಬಾರದೆಂದು, ಹೊರಗೋಡೆಯ ಬುಡದಲ್ಲಿ ರಂಧ್ರಗಳುಳ್ಳ ಇಟ್ಟಿಗೆಗಳನ್ನೋ ಎರಕದ ಕಬ್ಬಿಣದ ಜಾಲರಿಗಳನ್ನೋ ಕೂಡಿಸಿರುತ್ತಾರೆ. ಬೀದಿಯ ಕಡೆಯಿಂದ ನುಗ್ಗಿದ ಗಾಳಿ ಜಂತಿಗಳ ಕೆಳಗೆ ಹಾಯ್ದು ಹಿತ್ತಲಿನ ಕಡೆಯಿಂದ ಹೊರಬೀಳುತ್ತದೆ. ಕಿರುಗೋಡೆಗಳಲ್ಲಿಯೂ ನಡುನಡುವೆ ಇಟ್ಟಿಗೆ ಬಿಟ್ಟು ಕಟ್ಟಿರುತ್ತಾರೆ, ಗಾಳಿಗೆ ದಾರಿಯಾಗಲೆಂದು. 1875ರ ಸಾರ್ವಜನಿಕ ಆರೋಗ್ಯ ಅಧಿನಿಯಮವಾದ ಮೇಲೆ ಅಲ್ಲಿಯ ಊರೂರಿನ ಸ್ಥಳೀಯ ಸಂಸ್ಥೆಗಳು ಇಂಥ ಕಟ್ಟಡಗಳಿಗೆ ಉಪನಿಯಮಗಳನ್ನು ರಚಿಸಿಕೊಂಡವು. ಮರದ ನೆಲ ನೂರಿಪ್ಪತ್ತು ವರ್ಷ ಬಾಳಿದ್ದರೆ ಅದು ಈ ಗಾಳಿಯ ಪುಣ್ಯದಿಂದ.

ಇಂಥ ಹಲಗೆಯ ಮೇಲೆ ನೇರವಾಗಿ ವಿನೈಲ್ ಹಾಸುವಂತಿಲ್ಲ. ಅದರ ದಪ್ಪ ಎರಡು ಮೂರು ಮಿಲಿಮೀಟರು ಮಾತ್ರ. ಮರದ ಹಲಗೆ ಚಳಿಗಾಲದಲ್ಲಿ ಮನೆ ಬೆಚ್ಚಗೆ ಮಾಡಿದಾಗ ಒಣಗಿ ಕುಗ್ಗುತ್ತದೆ, ತೇವದ ದಿನಗಳಲ್ಲಿ ಹಿಗ್ಗುತ್ತದೆ. ಹಲವು ವರ್ಷಗಳಲ್ಲಿ ಅಂಚುಗಳು ಮೇಲೆದ್ದು, ನಡುವೆ ತಗ್ಗಾಗಿ ದೋಣಿಯಂತೆ ಬಾಗುತ್ತದೆ. ಮೇಲೆ ಹಾಸಿದ ತೆಳುವಾದ ಹಾಳೆಯಲ್ಲಿ ಆ ಒಂದೊಂದು ಅಂಚೂ ಗೆರೆಗೆರೆಯಾಗಿ ಮೂಡಿ, ಕಾಲಿನ ತುಳಿತಕ್ಕೆ ಆ ಗೆರೆಯ ಮೇಲೆಯೇ ಹಾಳೆ ಸವೆದು ಹರಿಯುತ್ತದೆ. ಆದುದರಿಂದ ನಡುವೆ ಪ್ಲೈವುಡ್ ಹಾಕುವುದು. ಪ್ಲೈವುಡ್ಡಿನಲ್ಲಿ ಮರದ ತೆಳು ಪದರಗಳನ್ನು, ಒಂದರ ಎಳೆ ಉದ್ದಕ್ಕೆ, ಮೇಲಿನದರ ಎಳೆ ಅಡ್ಡಕ್ಕೆ ಬರುವಂತೆ, ಮೂರು, ಐದು, ಏಳು ಹೀಗೆ ಬೆಸಸಂಖ್ಯೆಯಲ್ಲಿ ಅಂಟಿಸಿರುತ್ತಾರೆ. ಒಂದು ಪದರ ಹಿಗ್ಗಲು ಹೋದರೆ ಅದರ ನೆರೆಯ ಪದರ ತಡೆಯುತ್ತದೆ. ಕೂಡುಕುಟುಂಬದಲ್ಲಿ ಬೆಳೆದ ನನಗೆ ಈ ವ್ಯವಸ್ಥೆಯನ್ನು ಯಾರೂ ಹೆಚ್ಚು ವಿವರಿಸಬೇಕಾಗಲಿಲ್ಲ.

ಕೆಲಸದವನು ಅಳತೆ ತೆಗೆದುಕೊಳ್ಳಲು ಬಂದಿದ್ದ. ಚುರುಕಾದ ಯುವಕ. ಕಾರ್ಪೆಟ್ಟಿನ ಒಂದು ಮೂಲೆಯನ್ನು ಎತ್ತಿ ನೋಡಿ, ಅದರ ಕೆಳಗೆ ಹಾರ್ಡ್‌ಬೋರ್ಡ್ ಇರುವುದನ್ನು ಕಂಡು, "ಇದನ್ನೇನೂ ಕೀಳುವುದು ಬೇಡ, ಇದರ ಮೇಲೆಯೇ ಪ್ಲೈವುಡ್ ಬಿಗಿದು ಸಂಜೆಯೊಳಗೆ ವಿನೈಲ್ ಹಾಸಿಬಿಡುತ್ತೇನೆ" ಎಂದ. ಪ್ಲೈವುಡ್ ಹಾಳೆಗಳನ್ನೂ ಸ್ಕ್ರೂಗಳ ಪೆಟ್ಟಿಗೆಯನ್ನೂ ಮೊದಲೇ ತಂದಿಟ್ಟು ಹೋದ. ಒಂದೇ ದಿನದ ಕೆಲಸ ಎಂದು ಮನೆಯವರಿಗೆಲ್ಲ ಸಮಾಧಾನ.

ನನಗೆ ಮಾತ್ರ ಆ ಕೋಣೆಯ ಕಿಟಕಿಯ ಬಳಿ ಒಂದು ಬಗೆಯ ವಾಸನೆ ಬರುತ್ತಿತ್ತು. ಮಳೆಗಾಲದಲ್ಲಿ ಬಹುದಿನ ಮುಚ್ಚಿಟ್ಟ ಕಾಳಿನ ಹಗೇವನ್ನು ತೆರೆದಾಗ ಬರುವಂಥದ್ದು. ಊದುಬತ್ತಿ ಹಚ್ಚಿದರೂ ಅದು ಹೋಗುತ್ತಿರಲಿಲ್ಲ. ಇನ್ನೊಂದು ವಿಷಯವೆಂದರೆ, ಮೊಮ್ಮಗಳು ಕೋಣೆಯ ಯಾವ ಮೂಲೆಯಲ್ಲಿ ಚೆಂಡು ಬಿಟ್ಟರೂ ಅದು ಉರುಳಿ ಉರುಳಿ ಕಿಟಕಿಯ ಕೆಳಗೇ ಹೋಗಿ ನಿಲ್ಲುತ್ತಿತ್ತು. ಅವಳಿಗೆ ಅದೊಂದು ಆಟವಾಗಿತ್ತು. ಮಗಳಿಗೆ ಹೇಳಿದೆ. "ಹಳೇ ಮನಿ ಅಂದಮ್ಯಾಲೆ ವಾಸನಿ ಇರತದವ್ವಾ. ಇಲ್ಲಿ ಎಲ್ಲಾರ ಮನ್ಯಾಗೂ ಹಿಂಗ" ಎಂದಳು. ಮನೆ ಕೊಳ್ಳುವಾಗ ಪರೀಕ್ಷೆ ಮಾಡಿದವರ ವರದಿಯನ್ನು ತೆಗೆಸಿ ನೋಡಿದೆವು. ಹೆಂಚು, ಗೋಡೆ, ಕಿಟಕಿ ಎಲ್ಲದರ ವಿಷಯವಾಗಿ ಬರೆದು, ನೆಲದ ವಿಷಯದಲ್ಲಿ ಮಾತ್ರ "ಮೇಲೆ ಹಾಸು ಇರುವುದರಿಂದ ಪರಿಶೀಲಿಸಲು ಸಾಧ್ಯವಾಗಿಲ್ಲ" ಎಂಬ ಒಂದೇ ವಾಕ್ಯವಿತ್ತು. ಇದು ಆ ವರದಿಗಳಲ್ಲಿ ಸಾಮಾನ್ಯವಾಗಿ ಇರುವ ವಾಕ್ಯವಂತೆ. ಪರೀಕ್ಷಕರು ಕಂಡದ್ದನ್ನು ಬರೆಯುತ್ತಾರೆಯೇ ಹೊರತು ಪರರ ಮನೆಯ ಕಾರ್ಪೆಟ್ಟನ್ನು ಕಿತ್ತು ನೋಡುವುದಿಲ್ಲ.

ಅದೇ ಸಾಲಿನ ಮೂರನೆಯ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹಿರಿಯರಿದ್ದರು. ಜೀವನವಿಡೀ ಬಡಗಿಯ ಕೆಲಸ ಮಾಡಿ ನಿವೃತ್ತರಾದವರು. ಕೂಸನ್ನು ಬಿಸಿಲಿಗೆ ತಂದಾಗ ಬೇಲಿಯ ಆಚೆ ನಿಂತು ಮಾತನಾಡಿಸುತ್ತಿದ್ದರು. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನನ್ನ ಇಂಗ್ಲಿಷ್ ಅವರಿಗೂ, ಅವರ ಊರಿನ ಉಚ್ಚಾರಣೆ ನನಗೂ ಅರ್ಧ ಅರ್ಧ ತಿಳಿಯುತ್ತಿತ್ತು. ವಾಸನೆಯ ಮಾತು ತೆಗೆದಾಗ ಅವರು ಏನೂ ಹೇಳದೆ ಗೇಟಿನೊಳಗೆ ಬಂದು, ಕಿಟಕಿಯ ಕೆಳಗಿನ ಗೋಡೆಯ ಬುಡದಲ್ಲಿ ಬಗ್ಗಿ ಹುಡುಕತೊಡಗಿದರು. ಅವರ ಮನೆಯ ಗೋಡೆಯಲ್ಲಿ ಅದೇ ಜಾಗದಲ್ಲಿ ಎರಡು ಕಬ್ಬಿಣದ ಜಾಲರಿಗಳಿದ್ದವು. ನಮ್ಮ ಗೋಡೆಯಲ್ಲಿ ಅವು ಇರಲಿಲ್ಲ. ಕಸದ ಡಬ್ಬಿಗಳನ್ನು ಇಡಲೆಂದು ಯಾರೋ ಅಂಗಳಕ್ಕೆ ಮಣ್ಣು ಏರಿಸಿ ಮೇಲೆ ಚಪ್ಪಡಿ ಹಾಸಿದ್ದರು. ಜಾಲರಿಗಳು ಆ ಚಪ್ಪಡಿಯ ಕೆಳಗೆ ಹೂತುಹೋಗಿದ್ದವು. ಹೊರಗಿನ ಅಂಗಳ ಗೋಡೆಯೊಳಗಿನ ತೇವತಡೆ ಪದರಕ್ಕಿಂತ ಕನಿಷ್ಠ ಆರು ಅಂಗುಲ ಕೆಳಗಿರಬೇಕೆಂಬುದು ಅಲ್ಲಿಯ ಕಟ್ಟಡ ಕೆಲಸದವರೆಲ್ಲರಿಗೂ ಗೊತ್ತಿರುವ ನಿಯಮ.

ಆ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಸಣ್ಣ ಮನಸ್ತಾಪವೇ ಆಯಿತು. ಶನಿವಾರಕ್ಕೆ ಮೂರೇ ದಿನ ಉಳಿದಿತ್ತು. ಅಳಿಯಂದಿರು, "ಅತ್ತಿಯವರ, ಮುಂಗಡ ಕೊಟ್ಟಾಗೇದ್ರಿ. ಈಗ ಬ್ಯಾಡ ಅಂದ್ರ ಮತ್ತ ಎಂದ ಸಿಗತಾರೋ ಏನೋ" ಎಂದರು. ಅವರ ಮಾತು ಸುಳ್ಳಲ್ಲ. ಮಗಳೂ ಬಾಣಂತಿ, ಸರಿಯಾದ ನಿದ್ದೆಯಿಲ್ಲ, ಮನೆಯಲ್ಲಿ ಇನ್ನೊಂದು ರಾಡಿ ಬೇಡವೆಂದು ಅವಳ ಹಟ. ನಾನು ಅವರಿಗೆ ನನ್ನ ತವರಿನ ಸಂಗತಿ ಹೇಳಿದೆ. ನವಲಗುಂದ ತಾಲೂಕಿನ ಎರೆಭೂಮಿಯ ಹಳ್ಳಿ ನಮ್ಮದು. ಅಕ್ಕನ ಮದುವೆಯ ವರ್ಷ ನಮ್ಮ ತಂದೆಯವರು ಪಡಸಾಲೆಗೆ ಶಹಾಬಾದಿನ ಫರ್ಸಿ ಹಾಕಿಸಿದರು. ಎರೆಮಣ್ಣನ್ನು ಅಗೆದು ತೆಗೆದು, ಗರಸು ತುಂಬಿ ಧಮ್ಮಸ್ಸು ಮಾಡಿ ಹಾಸಬೇಕೆಂದು ಗೌಂಡಿ ಹೇಳಿದ್ದ. ಲಗ್ನದ ದಿನ ಹತ್ತಿರ ಬಂದಿದ್ದರಿಂದ ಇದ್ದ ನೆಲದ ಮೇಲೆಯೇ ಹಾಸಿದರು. ಮದುವೆ ಚೆನ್ನಾಗಿಯೇ ಆಯಿತು. ಬೀಗರು ನೆಲವನ್ನು ಹೊಗಳಿದರು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಕಲ್ಲು ಮೇಲೆ, ಒಂದು ಕಲ್ಲು ಕೆಳಗೆ. ತುಂಬಿದ ಕೊಡ ಹೊತ್ತು ಬಂದ ನಮ್ಮ ಅವ್ವ ಮೇಲೆದ್ದ ಕಲ್ಲಿಗೆ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಆ ಕೈಯಿಂದ ಅವಳು ಮುಂದೆ ರೊಟ್ಟಿ ತಟ್ಟಲಾಗಲಿಲ್ಲ. ಮಗಳಿಗೆ ಆ ಕೈಯ ನೆನಪಿದೆ. ಆದರೆ ಅದರ ಕಾರಣ ಅಂದೇ ತಿಳಿದದ್ದು. ಅವಳು ಸುಮ್ಮನೆ ಎದ್ದು ಅಂಗಡಿಯವರಿಗೆ ಸಂದೇಶ ಕಳಿಸಿದಳು. ಮುಂಗಡದಲ್ಲಿ ಸ್ವಲ್ಪ ಭಾಗ ಹೋಯಿತು.

ಹಲಗೆ ಎತ್ತಿದಾಗ

ಮರುದಿನ ಆ ಹಿರಿಯರು ಉಳಿ, ಸುತ್ತಿಗೆ, ಬ್ಯಾಟರಿ ಹಿಡಿದು ಬಂದರು. ಕಾರ್ಪೆಟ್, ಅದರ ಕೆಳಗೆ ಪುಡಿಪುಡಿಯಾದ ರಬ್ಬರಿನ ಮೆತ್ತೆ, ಅದರ ಕೆಳಗೆ ಹಾರ್ಡ್‌ಬೋರ್ಡ್, ಅದರ ಕೆಳಗೆ ಕಂದುಬಣ್ಣದ ಲಿನೋಲಿಯಂ, ಅದರ ಕೆಳಗೆ ಹಳೆಯ ವೃತ್ತಪತ್ರಿಕೆಗಳು. ಒಬ್ಬೊಬ್ಬ ಮಾಲೀಕರು ಹಿಂದಿನವರದನ್ನು ತೆಗೆಯದೆ ಮೇಲೆ ಮೇಲೆ ಹೊದಿಸುತ್ತ ಬಂದಿದ್ದರು. ಲಿನೋಲಿಯಂ ಎಂಬುದು 1863ರಲ್ಲಿ ಫ್ರೆಡರಿಕ್ ವಾಲ್ಟನ್ ಎಂಬ ಇಂಗ್ಲಿಷರು ಪೇಟೆಂಟ್ ಪಡೆದ ವಸ್ತು. ನಾವು ಹಿಂಡಿ ಕುಟ್ಟುವ ಅಗಸಿಯ ಎಣ್ಣೆಯನ್ನೇ ಗಾಳಿಗೊಡ್ಡಿ ಗಟ್ಟಿ ಮಾಡಿ, ಬೆಂಡಿನ ಪುಡಿ ಬೆರೆಸಿ ಬಟ್ಟೆಯ ಮೇಲೆ ಒತ್ತಿ ಮಾಡುತ್ತಾರೆ. ಅದರಿಂದ ಭಯವಿಲ್ಲ. ಆದರೆ 1950ರಿಂದ 1970ರ ದಶಕದವರೆಗೆ ಅಂಟಿಸಿದ ಗಟ್ಟಿ ಬಿಲ್ಲೆಗಳಲ್ಲಿಯೂ ಅವುಗಳ ಕೆಳಗಿನ ಕಪ್ಪು ಡಾಂಬರಿನಂಥ ಅಂಟಿನಲ್ಲಿಯೂ ಕಲ್ನಾರು ಇರುವ ಸಂಭವವುಂಟು. ಬ್ರಿಟನ್ನಿನಲ್ಲಿ ಕಲ್ನಾರಿನ ಬಳಕೆ ಪೂರ್ಣವಾಗಿ ನಿಷೇಧವಾದದ್ದು 1999ರಲ್ಲಿ. ಹಳೆಯ ಮನೆಯಲ್ಲಿ ಅಂಥ ಬಿಲ್ಲೆಗಳು ಕಂಡರೆ ಒಡೆಯಬಾರದು, ಉಜ್ಜಬಾರದು. ಒಂದು ಚೂರನ್ನು ಪರೀಕ್ಷೆಗೆ ಕಳಿಸಿ, ಫಲಿತಾಂಶ ಬಂದ ಮೇಲೆಯೇ ಮುಂದಿನ ಕೆಲಸ. ಮಗಳ ಮನೆಯಲ್ಲಿ ಆ ಬಿಲ್ಲೆಗಳಿರಲಿಲ್ಲ.

ಎಲ್ಲ ತೆಗೆದಾಗ ಹಲಗೆಗಳು ಕಂಡವು. ಗೋಡೆಯ ಸುತ್ತ ಒಂದೂವರೆ ಅಡಿ ಅಗಲ ಕಪ್ಪು ಬಣ್ಣ, ನಡುವೆ ಬರಿಯ ಮರ. ಆ ಕಾಲದವರು ನಡುವೆ ಜಮಖಾನೆ ಹಾಸಿ, ಕಾಣುವ ಅಂಚಿಗೆ ಮಾತ್ರ ಬಣ್ಣ ಹಚ್ಚುತ್ತಿದ್ದರಂತೆ. ಉಳಿತಾಯ ಯಾವ ದೇಶದವರಿಗೂ ಹೊಸದಲ್ಲ. ಕಿಟಕಿಯ ಬಳಿಯ ಒಂದು ಹಲಗೆಯ ಮೊಳೆಗಳನ್ನು ಸಡಿಲಿಸಿ, ಉಳಿಯಿಂದ ಮೀಟಿ, ಸೀಳದಂತೆ ಎತ್ತಿದರು. ಒಳಗಿನಿಂದ ಆ ವಾಸನೆ ಗಪ್ಪೆಂದು ಬಡಿಯಿತು.

ಬ್ಯಾಟರಿಯ ಬೆಳಕಿನಲ್ಲಿ ಎರಡು ಸಂಗತಿಗಳು ಕಂಡವು. ಮೊದಲನೆಯದು ಜಂತಿಯ ತುದಿ. ಮುಂದಿನ ಗೋಡೆಯೊಳಗೆ ಸೇರಿದ್ದ ಎರಡು ಜಂತಿಗಳ ತುದಿಗೆ ಸ್ಕ್ರೂಡ್ರೈವರ್ ಒತ್ತಿದರೆ, ಬೆಂದ ಗೆಣಸಿನಲ್ಲಿ ಕಡ್ಡಿ ಇಳಿದಂತೆ ಇಳಿಯಿತು. ಎರಡು ಮುಳ್ಳುಗಳಿರುವ ತೇವಮಾಪಕವನ್ನು ಚುಚ್ಚಿ ನೋಡಿದಾಗ ಅಲ್ಲಿ ನೂರಕ್ಕೆ 28, ಕೋಣೆಯ ನಡುವೆ 16. ಮರದಲ್ಲಿ ತೇವ ನೂರಕ್ಕೆ ಇಪ್ಪತ್ತನ್ನು ದಾಟಿ ನಿಂತರೆ ಕೊಳೆಸುವ ಶಿಲೀಂಧ್ರ ಬರುತ್ತದೆ. ನಮ್ಮಲ್ಲಿ ಮರಕ್ಕೆ ಗೆದ್ದಲು ಶತ್ರು. ಇಂಗ್ಲೆಂಡಿನಲ್ಲಿ ಗೆದ್ದಲಿಲ್ಲ; 1994ರಲ್ಲಿ ಡೆವನ್ ಪ್ರಾಂತದ ಒಂದು ಮನೆಯಲ್ಲಿ ಹೊರದೇಶದ ಗೆದ್ದಲು ಕಾಣಿಸಿಕೊಂಡಾಗ ಸರಕಾರವೇ ಅದರ ನಿರ್ಮೂಲನಕ್ಕೆ ನಿಂತಿತು. ಅಲ್ಲಿಯ ಶತ್ರುಗಳು ಬೇರೆ. ಒಂದೆರಡು ಮಿಲಿಮೀಟರು ಅಗಲದ ದುಂಡು ತೂತುಗಳನ್ನು ಕೊರೆಯುವ ಮರಹುಳು ಒಂದು. ಕೊಳೆತಗಳಲ್ಲಿ ಎರಡು ಬಗೆ. ಅವುಗಳಲ್ಲಿ ಭಯಂಕರವಾದದ್ದು ಸೆರ್ಪುಲಾ ಲ್ಯಾಕ್ರಿಮಾನ್ಸ್ ಎಂಬ ಶಿಲೀಂಧ್ರ. ಅದರ ಮೈಮೇಲೆ ಕಣ್ಣೀರಿನಂಥ ಹನಿಗಳು ನಿಲ್ಲುವುದರಿಂದ ಅಳುವ ಶಿಲೀಂಧ್ರ ಎಂಬ ಅರ್ಥದ ಹೆಸರು. ಅದು ಇಟ್ಟಿಗೆಯ ಗೋಡೆಯನ್ನೂ ದಾಟಿ ಆಚೆಯ ಮರವನ್ನು ಹಿಡಿಯುತ್ತದೆ. ಕೆಂಪು ಇಟ್ಟಿಗೆಪುಡಿಯಂಥ ಧೂಳು ಅದರ ಗುರುತು. ಇನ್ನೊಂದು ಒದ್ದೆಯಿದ್ದಲ್ಲಿ ಮಾತ್ರ ಬೆಳೆದು, ಒದ್ದೆ ಹೋದರೆ ನಿಲ್ಲುವಂಥದ್ದು. ಹಿರಿಯರು ಬಹಳ ಹೊತ್ತು ಮೊಣಕಾಲೂರಿ ನೋಡಿ, ಇದು ಎರಡನೆಯದೆಂದರು. ಮಗಳು ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಎರಡನೆಯ ಸಂಗತಿಯನ್ನು ಕಂಡಾಗ ನನ್ನ ಎದೆ ನಡುಗಿತು. ಹಲಗೆಯ ಕೆಳಗೆ, ಜಂತಿಗಳ ಮೇಲ್ಭಾಗದಲ್ಲಿ ಕಚ್ಚು ಕೊಯ್ದು, ಅದರಲ್ಲಿ ತಾಮ್ರದ ಗ್ಯಾಸ್ ಕೊಳವೆಯನ್ನು ಮಲಗಿಸಿದ್ದರು. ಹಲಗೆಗೂ ಕೊಳವೆಗೂ ನಡುವೆ ಬೆರಳು ತೂರಿಸುವಷ್ಟು ಸಂದೂ ಇರಲಿಲ್ಲ. ಹಿರಿಯರು ಕೆಲಸದವನು ಬಿಟ್ಟುಹೋಗಿದ್ದ ಸ್ಕ್ರೂಗಳ ಪೆಟ್ಟಿಗೆಯಿಂದ ಒಂದನ್ನು ಎತ್ತಿ, ಅಂಗೈಯಲ್ಲಿಟ್ಟು ನನಗೆ ತೋರಿಸಿದರು. ಒಂದೂವರೆ ಅಂಗುಲ, ಎಂದರೆ 38 ಮಿಲಿಮೀಟರು. ಪ್ಲೈವುಡ್ಡಿನ ದಪ್ಪ 6, ಹಾರ್ಡ್‌ಬೋರ್ಡ್ ಸುಮಾರು 3, ಹಲಗೆ 22, ಒಟ್ಟು 31. ಉಳಿದ ಏಳು ಮಿಲಿಮೀಟರು ಎಲ್ಲಿಗೆ ಹೋಗುತ್ತಿತ್ತೆಂಬ ಲೆಕ್ಕವನ್ನು ನನ್ನ ಐದನೆಯ ಇಯತ್ತೆಯ ಮಕ್ಕಳೂ ಮಾಡಬಲ್ಲರು. ಕೂಸು ಅದೇ ಕೋಣೆಯ ತೊಟ್ಟಿಲಲ್ಲಿ ಮಲಗುತ್ತಿತ್ತು.

ಆ ಯುವಕನನ್ನು ದೂರಲು ನನಗೆ ಮನಸ್ಸಿಲ್ಲ. ಬಹುಪಾಲು ಮನೆಗಳಲ್ಲಿ ಏನೂ ಆಗದೆ ಅವನ ಕೆಲಸ ನಡೆದುಹೋಗಿರುತ್ತದೆ. ಆದರೆ ಕಾಣದ ಕಡೆ ಸ್ಕ್ರೂ ಇಳಿಸುವ ಮುನ್ನ ಒಂದು ಹಲಗೆಯನ್ನಾದರೂ ಎತ್ತಿ ನೋಡದೆ ಇರುವುದು ನನ್ನ ಮಟ್ಟಿಗೆ ಕ್ಷಮ್ಯವಲ್ಲ. ಸ್ಕ್ರೂವಿನ ಉದ್ದ ಎಂದಿಗೂ ಪ್ಲೈವುಡ್ ಮತ್ತು ಹಲಗೆಗಳ ಕೂಡಿದ ದಪ್ಪಕ್ಕಿಂತ ಕಡಿಮೆಯಿರಬೇಕು. ಹಾರ್ಡ್‌ಬೋರ್ಡ್ ತೆಗೆದ ಮೇಲೆ ಆ ನೆಲಕ್ಕೆ ಒಂದು ಅಂಗುಲದ ಸ್ಕ್ರೂ ಸಾಕು.

ದುರಸ್ತಿ ಮತ್ತು ಹಾಸುವಿಕೆ

ಮೊದಲ ಕೆಲಸ ಹೊರಗಿನದು. ಅಳಿಯಂದಿರು ಎರಡು ಶನಿವಾರ ಗುದ್ದಲಿ ಹಿಡಿದು ಚಪ್ಪಡಿ ಎಬ್ಬಿಸಿ, ಗೋಡೆಯುದ್ದಕ್ಕೂ ಮಣ್ಣು ತೆಗೆದು ಜಾಲರಿಗಳನ್ನು ಹೊರಗೆಡವಿದರು. ಒಂದರಲ್ಲಿ ಮಣ್ಣು ತುಂಬಿತ್ತು. ಇನ್ನೊಂದಕ್ಕೆ ಯಾರೋ ಚಳಿಗಾಳಿ ಬರುವುದೆಂದು ಸಿಮೆಂಟು ಮೆತ್ತಿದ್ದರು. ಹಲಗೆಯ ಸಂದಿನಿಂದ ಪಾದಕ್ಕೆ ತಣ್ಣಗೆ ಗಾಳಿ ಸೋಕುವುದು ನಿಜ. ಆದರೆ ಆ ಗಾಳಿಯನ್ನು ಮೇಲೆ ಹಾಸು ಹಾಕಿ ತಡೆಯಬೇಕೇ ಹೊರತು ಗೋಡೆಯಲ್ಲಿ ತಡೆಯಬಾರದು. ಮೇಲಿನಿಂದ ಪ್ಲೈವುಡ್ಡು, ವಿನೈಲು ಮುಚ್ಚಿದ ಮೇಲಂತೂ ಸಂದುಗಳಿಂದ ತೇವ ಹೊರಹೋಗುವ ದಾರಿ ಇಲ್ಲವಾಗುತ್ತದೆ. ಆಗ ಗೋಡೆಯ ಜಾಲರಿಯೊಂದೇ ಆ ಟೊಳ್ಳಿಗೆ ಮೂಗು. ಹೀಗಾಗಿ ಹೊಸ ಹಾಸು ಹಾಕುವವರು ಮೊದಲಿಗಿಂತ ಹೆಚ್ಚು ಎಚ್ಚರ ವಹಿಸಬೇಕು. ಹಿಂದೆ ಅಡುಗೆಮನೆ ಕಟ್ಟಿಸಿ ಅದಕ್ಕೆ ಕಾಂಕ್ರೀಟ್ ನೆಲ ಹಾಕಿಸಿದ ಮನೆಗಳಲ್ಲಿ ಹಿತ್ತಲಿನ ಜಾಲರಿಗಳೂ ಮುಚ್ಚಿಹೋಗಿರುತ್ತವೆ. ಕಾಂಕ್ರೀಟಿನ ಕೆಳಗೆ ಕೊಳವೆಯ ಮೂಲಕ ಗಾಳಿಗೆ ದಾರಿ ಮಾಡಬೇಕಾಗುತ್ತದೆ.

ಅನಂತರ ಆ ಹಿರಿಯರ ಪರಿಚಯದ ಬಡಗಿಯೊಬ್ಬರು ಬಂದು ಜಂತಿಗಳ ಕೊಳೆತ ತುದಿಯನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು ತೆಗೆದರು. ಔಷಧಿ ಉಣಿಸಿದ ಹೊಸ ಮರವನ್ನು ಪಕ್ಕಕ್ಕೆ ಜೋಡಿಸಿ ಬೋಲ್ಟು ಬಿಗಿದು, ಗೋಡೆಯೊಳಗೆ ಸೇರುವ ತುದಿಗೆ ತೇವ ತಾಗದಂತೆ ಪ್ಲಾಸ್ಟಿಕ್ ಪದರ ಸುತ್ತಿದರು. ಗ್ಯಾಸ್ ಕೊಳವೆಯನ್ನು ಮುಟ್ಟಲು ಅವರು ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ 2009ರಿಂದ ಗ್ಯಾಸ್ ಸೇಫ್ ಎಂಬ ನೋಂದಣಿಯಲ್ಲಿ ಹೆಸರಿರುವವರು ಮಾತ್ರ ಆ ಕೆಲಸ ಮಾಡಬೇಕು. ಆಮೇಲೆ ಆರು ವಾರ ಕಾದೆವು. ಕೋಣೆಯ ಹಲಗೆ ತೆರೆದೇ ಇತ್ತು, ಮಕ್ಕಳು ಹೋಗದಂತೆ ಬಾಗಿಲಿಗೆ ಬೀಗ. ವಾರಕ್ಕೊಮ್ಮೆ ಮಾಪಕ ಹಿಡಿದು ನೋಡುವುದು ಅಳಿಯಂದಿರ ನೇಮವಾಯಿತು. 28 ಇದ್ದದ್ದು 24 ಆಯಿತು, 21 ಆಯಿತು, ಜುಲೈ ಕೊನೆಗೆ 17ಕ್ಕೆ ಇಳಿಯಿತು. ವಾಸನೆ ಅದಕ್ಕೂ ಮೊದಲೇ ಹೋಗಿತ್ತು.

ಪ್ಲೈವುಡ್ ಹಾಸುವ ಕೆಲಸವನ್ನು ಅಂಗಡಿಯವರಿಗೆ ಬಿಡದೆ ಹಿರಿಯರೂ ಅಳಿಯಂದಿರೂ ಸೇರಿ ಮಾಡಿದರು. ನಾನು ಹಗಲೆಲ್ಲ ನೋಡುತ್ತ, ಚಹಾ ಮಾಡಿಕೊಡುತ್ತ, ಸ್ಕ್ರೂ ಎಣಿಸುತ್ತ ಇದ್ದೆನಾದ್ದರಿಂದ ಕ್ರಮ ಚೆನ್ನಾಗಿ ನೆನಪಿದೆ. ಎಂಟು ಅಡಿಗೆ ನಾಲ್ಕು ಅಡಿಯ ಹಾಳೆಗಳನ್ನು ನಾಲ್ಕಕ್ಕೆ ನಾಲ್ಕಾಗಿ ಕೊಯ್ದು, ಎರಡು ದಿನ ಅದೇ ಕೋಣೆಯಲ್ಲಿ ನಡುವೆ ಕಡ್ಡಿಗಳನ್ನಿಟ್ಟು ಪೇರಿಸಿದರು. ಕೋಣೆಯ ಹವೆಗೆ ಮರ ಒಗ್ಗಬೇಕು. ಉಗ್ರಾಣದಿಂದ ತಂದ ದಿನವೇ ಬಿಗಿದರೆ ಅದು ಬಿಗಿದ ಮೇಲೆ ಹಿಗ್ಗಿ ಉಬ್ಬುತ್ತದೆ. ಇತ್ತ ಅಲುಗುವ ಹಲಗೆಗಳನ್ನೆಲ್ಲ ಜಂತಿಗೆ ಹೊಸದಾಗಿ ಬಿಗಿದರು, ಮೇಲೆದ್ದ ಮೊಳೆಗಳ ತಲೆಯನ್ನು ಒಳಕ್ಕೆ ಬಡಿದರು, ಮೇಲೆದ್ದ ಅಂಚುಗಳನ್ನು ಕೀಸುಳಿಯಿಂದ ಕೀಸಿದರು. ಕಿರುಗುಟ್ಟುವ ಹಲಗೆಯ ಮೇಲೆ ಪ್ಲೈವುಡ್ ಹಾಕಿದರೆ ಕಿರುಗುಟ್ಟುವುದು ನಿಲ್ಲುವುದಿಲ್ಲ, ಅದನ್ನು ಸರಿಪಡಿಸುವ ಅವಕಾಶ ಮಾತ್ರ ಹೋಗುತ್ತದೆ. ಅಂಚಿನ ಹಳೆಯ ಕಪ್ಪು ಬಣ್ಣವನ್ನು ಮಾತ್ರ ಉಜ್ಜಲಿಲ್ಲ; ಆ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತಾದ್ದರಿಂದ, ಮಕ್ಕಳಿರುವ ಮನೆಯಲ್ಲಿ ಅದರ ಧೂಳು ಏಳಬಾರದು.

ಹಾಳೆಗಳನ್ನು ಇಟ್ಟಿಗೆಯ ವರಸೆಯಂತೆ, ನಾಲ್ಕು ಮೂಲೆಗಳು ಒಂದೆಡೆ ಕೂಡದ ಹಾಗೆ ಇಟ್ಟರು. ಹಾಳೆಯ ಸಂದು ಹಲಗೆಯ ಸಂದಿನ ಮೇಲೆ ಬರಬಾರದು. ಗೋಡೆಯ ಸುತ್ತ ಕಿರುಬೆರಳಿನ ಅರ್ಧದಷ್ಟು ಜಾಗ ಬಿಟ್ಟರು. ಸ್ಕ್ರೂಗಳನ್ನು ಹಾಳೆಯ ನಡುವಿನಿಂದ ಆರಂಭಿಸಿ ಹೊರಗೆ ಹೋಗುತ್ತ ಬಿಗಿಯಬೇಕು. ಅಂಚಿನಿಂದ ಆರಂಭಿಸಿದರೆ ನಡುವೆ ಗಾಳಿ ಸಿಕ್ಕ ರೊಟ್ಟಿಯಂತೆ ಉಬ್ಬಿ ನಿಲ್ಲುತ್ತದೆ. ಅಂಚಿನಲ್ಲಿ ನಾಲ್ಕು ಅಂಗುಲಕ್ಕೊಂದು, ನಡುವೆ ಆರು ಅಂಗುಲಕ್ಕೊಂದು. ಒಂದು ಹಾಳೆಗೆ ನೂರರ ಆಸುಪಾಸು ಬೇಕಾಯಿತು. ಇಷ್ಟು ಸಣ್ಣ ಕೋಣೆಗೆ ಒಂಬೈನೂರಕ್ಕೂ ಹೆಚ್ಚು ಸ್ಕ್ರೂ ಏಕೆಂದು ಕೇಳಿದೆ. ಕಡಿಮೆ ಹಾಕಿದವರ ಮನೆಗಳಿಗೆ ಮರಳಿ ಹೋಗಿ ಮುಖ ತೋರಿಸಿದ್ದೇನೆ ಎಂದು ಹಿರಿಯರು ನಕ್ಕರು. ಪ್ರತಿಯೊಂದರ ತಲೆಯೂ ಮೇಲ್ಮೈಗಿಂತ ತುಸು ಕೆಳಗಿಳಿದಿರಬೇಕು. ಕೊನೆಗೆ ಸಂದುಗಳಿಗೂ ತಲೆಗಳಿಗೂ ಲೇಪ ತುಂಬಿ, ಒಣಗಿದ ಮೇಲೆ ಉಜ್ಜಿ, ಒಂದು ಮರಳಕಣವೂ ಉಳಿಯದಂತೆ ಗುಡಿಸಿದೆವು. ಆ ಗುಡಿಸುವಿಕೆಯನ್ನು ನಾನು ಬೇರೆಯವರಿಗೆ ಬಿಡಲಿಲ್ಲ.

ಪ್ಲೈವುಡ್ಡಿನಲ್ಲಿಯೂ ಆಯ್ಕೆ ಇದೆ. ಅಗ್ಗದ ಹಾಳೆಗಳ ಒಳಪದರದಲ್ಲಿ ಟೊಳ್ಳುಗಳಿದ್ದು, ಕುರ್ಚಿಯ ಕಾಲು ಅಲ್ಲಿ ಕುಸಿಯುತ್ತದೆ. ಹೊರಾಂಗಣ ದರ್ಜೆಯ ಅಂಟಿರುವ, ಮೇಲ್ಪದರದಲ್ಲಿ ಗಂಟುಗಳಿಲ್ಲದ ಹಾಳೆಯನ್ನೇ ಕೇಳಿ ಪಡೆಯಬೇಕು. ವಿನೈಲಿಗೆ 6 ಮಿಲಿಮೀಟರು ಸಾಕು. ಕಾರ್ಪೆಟ್ಟಿಗೆ ಹಾರ್ಡ್‌ಬೋರ್ಡ್ ಆದರೂ ನಡೆಯುತ್ತದೆ. ಟೈಲ್ಸ್ ಹಾಕುವವರು ಈ ತೆಳು ಹಾಳೆಯನ್ನು ನಂಬಬಾರದು. ಹಿಂದೆ ಅದಕ್ಕೆ 15 ಮಿಲಿಮೀಟರು ಅಥವಾ ಹೆಚ್ಚಿನ ದಪ್ಪದ ಪ್ಲೈವುಡ್ ಹಾಕುತ್ತಿದ್ದರು, ಈಗ ಸಿಮೆಂಟಿನ ಹಾಳೆಗಳನ್ನು ಹೆಚ್ಚಾಗಿ ಬಳಸುತ್ತಾರೆ. ಕಾಂಕ್ರೀಟ್ ನೆಲಕ್ಕೆ ಈ ಯಾವ ಮಾತೂ ಅನ್ವಯಿಸುವುದಿಲ್ಲ. ಬಾಗಿಲು ಹೊಸ ಎತ್ತರಕ್ಕೆ ತಾಗುವುದೇ ಎಂದು ಮೊದಲೇ ಅಳೆದು ನೋಡಿದರೆ ಒಂದು ದಿನದ ಗೋಳು ತಪ್ಪುತ್ತದೆ, ನಮಗೆ ತಪ್ಪಲಿಲ್ಲ.

ವಿನೈಲ್ ಹಾಸುವ ಮುನ್ನಾದಿನ ಹಿರಿಯರು ದಪ್ಪ ಪೆನ್ಸಿಲಿನಿಂದ ಪ್ಲೈವುಡ್ಡಿನ ಮೇಲೆ ಗ್ಯಾಸ್ ಕೊಳವೆ ಹಾಯುವ ದಾರಿಯನ್ನೂ, ವಿದ್ಯುತ್ ತಂತಿಯ ದಾರಿಯನ್ನೂ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದರು. ಮುಂದೆ ಎಂದಾದರೂ ಹಾಳೆ ತೆಗೆದವರಿಗೆ ತಿಳಿಯಲೆಂದು. ಮಗಳು ಅದರ ಚಿತ್ರ ತೆಗೆದಿಟ್ಟುಕೊಂಡಳು. ಮೊಮ್ಮಗಳು ತನಗೂ ಪೆನ್ಸಿಲ್ ಬೇಕೆಂದು ಹಟ ಹಿಡಿದು, ನಾನು ಕಲಿಸಿದ್ದ ಅ, ಆ, ಇ, ಈ ಅಕ್ಷರಗಳನ್ನು ಕಿಟಕಿಯ ಕೆಳಗೆ ವಕ್ರವಕ್ರವಾಗಿ ಬರೆದಳು. ಯಾರೂ ಅಳಿಸಲಿಲ್ಲ. ಮರುದಿನ ಅದೇ ಯುವಕ ಬಂದು ವಿನೈಲ್ ಹಾಸಿದ. ಅಂಟಿಸುವ ಕೆಲಸದಲ್ಲಿ ಅವನ ಕೈ ಬಲು ಅಚ್ಚುಕಟ್ಟು ಎಂಬುದನ್ನೂ ಹೇಳಬೇಕು. ಮೊಮ್ಮಗಳ ಚೆಂಡು ಮಾತ್ರ ಈಗಲೂ ಕಿಟಕಿಯ ಕಡೆಗೆ ತುಸು ಉರುಳುತ್ತದೆ. ನೂರಿಪ್ಪತ್ತು ವರ್ಷ ಕುಸಿದ ಇಳಿಜಾರನ್ನು ಪೂರ್ತಿ ತಿದ್ದಬೇಕಾದರೆ ಎಲ್ಲ ಜಂತಿಗಳನ್ನೂ ಎತ್ತಬೇಕಾಗುತ್ತಿತ್ತು. ಅಷ್ಟು ಬೇಡವೆಂದು ಬಿಟ್ಟೆವು.

ನಾನು ಊರಿಗೆ ಹೊರಟ ಬೆಳಿಗ್ಗೆ ಅಳಿಯಂದಿರು ಪೆಟ್ಟಿಗೆಗಳನ್ನು ಕಾರಿಗೆ ಏರಿಸುತ್ತಿದ್ದರು. ಅಂಗಳದಲ್ಲಿ ನಿಂತು ಮನೆಯನ್ನೊಮ್ಮೆ ನೋಡಿದಾಗ, ನಾನೇ ಮೆಂತ್ಯ ಬಿತ್ತಿದ್ದ ಎರಡು ಕುಂಡಗಳು ಬಿಸಿಲು ಚೆನ್ನಾಗಿ ಬೀಳುವ ಆ ಗೋಡೆಗೆ ಒರಗಿ, ಸರಿಯಾಗಿ ಜಾಲರಿಗಳ ಮುಂದೆಯೇ ಕುಳಿತಿದ್ದವು. ಯಾರ ಗಮನಕ್ಕೂ ಬರುವ ಮೊದಲೇ ಸೆರಗು ಸಿಕ್ಕಿಸಿಕೊಂಡು ಅವನ್ನು ಆಚೆಗೆ ಸರಿಸಿ ಕಾರು ಹತ್ತಿದೆ.